ಫ್ಲೈಟ್‌ಲೈನ್: ಆರು ಓಟದ ಚಾಂಪಿಯನ್, ಎರಡು ಲಕ್ಷ ಡಾಲರಿನ ಶುಲ್ಕ

ಕೆಂಟಕಿಯ ಲೇನ್ಸ್ ಎಂಡ್ ಫಾರ್ಮಿನವರು 2023ರ ಋತುವಿಗೆ ಫ್ಲೈಟ್‌ಲೈನ್‌ನ ಸ್ಟಡ್ ಶುಲ್ಕವನ್ನು (ಹೆಣ್ಣುಕುದುರೆಯೊಂದು ಅದರಿಂದ ಮರಿ ಹಾಕಿದರೆ ತೆರಬೇಕಾದ ಹಣ) 2 ಲಕ್ಷ ಡಾಲರ್ ಎಂದು ನಿಗದಿಪಡಿಸಿದಾಗ, ಆ ಕುದುರೆ ತನ್ನ ಜೀವಮಾನದಲ್ಲಿ ಓಡಿದ್ದು ಕೇವಲ ಆರು ಪಂದ್ಯಗಳಲ್ಲಿ. ಆರನ್ನೂ ಗೆದ್ದಿತ್ತು, ಆರೂ ಗೆಲುವುಗಳ ಅಂತರವನ್ನು ಕೂಡಿದರೆ 71 ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಮೈಯುದ್ದ) ಆಗುತ್ತಿತ್ತು. ಹಾಗಿದ್ದರೂ, ಒಂದು ಒಳ್ಳೆಯ ಹೆಣ್ಣುಕುದುರೆಯನ್ನು ಸಾಕಿಕೊಂಡಿರುವ ಮಾಲೀಕನು ಇಷ್ಟು ಹಣ ತೆತ್ತು ನಿಜವಾಗಿ ಕೊಳ್ಳುವುದೇನು ಎಂಬ ಪ್ರಶ್ನೆಯನ್ನು ಆ 71 ಲೆಂಗ್ತ್‌ಗಳು ಪೂರ್ತಿಯಾಗಿ ಉತ್ತರಿಸುವುದಿಲ್ಲ.

ಮೊದಲು ಓಟದ ವಿಚಾರ. 2022ರ ಸೆಪ್ಟೆಂಬರ್ 3ರಂದು ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಪೆಸಿಫಿಕ್ ಕ್ಲಾಸಿಕ್ ಪಂದ್ಯವನ್ನು ನಾನು ಎಷ್ಟು ಬಾರಿ ನೋಡಿದ್ದೇನೆಂಬ ಲೆಕ್ಕ ತಪ್ಪಿದೆ. ಅದೇ ವರ್ಷ ದುಬೈ ವರ್ಲ್ಡ್ ಕಪ್ ಗೆದ್ದಿದ್ದ ಕಂಟ್ರಿ ಗ್ರಾಮರ್ ಅಲ್ಲಿ ಎರಡನೆಯದಾಗಿ ಬಂತು, ಆದರೆ 19¼ ಲೆಂಗ್ತ್ ಹಿಂದೆ. ಕೊನೆಯ ನೇರ ಹಾದಿಯಲ್ಲಿ ಜಾಕಿ ಫ್ಲೇವಿಯನ್ ಪ್ರಾ ಕುದುರೆಯನ್ನು ಒತ್ತಾಯಿಸಲೇ ಇಲ್ಲ. ಗುರಿ ಹತ್ತಿರವಾದಂತೆ ಲಗಾಮು ಹಿಡಿದು ವೇಗ ತಗ್ಗಿಸಿದರು. ಅಷ್ಟಾದರೂ ಹತ್ತು ಫರ್ಲಾಂಗ್‌ಗೆ (ಸುಮಾರು ಎರಡು ಕಿಲೋಮೀಟರ್) ತಗುಲಿದ್ದು 1 ನಿಮಿಷ 59.28 ಸೆಕೆಂಡ್, ಅಂದರೆ 2003ರಲ್ಲಿ ಕ್ಯಾಂಡಿ ರೈಡ್ ಬರೆದಿದ್ದ ದಾಖಲೆಗಿಂತ 0.17 ಸೆಕೆಂಡ್ ಮಾತ್ರ ಹೆಚ್ಚು. ಲಗಾಮು ಸಡಿಲಿಸಿ ಓಡಿಸಿದ್ದರೆ ಆ ದಾಖಲೆ ಉಳಿಯುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಕುದುರೆಯ ಗುಣ ತೂಗುವಾಗ ನಾನು ಹೆಚ್ಚು ಬೆಲೆ ಕೊಡುವುದು ಅತಿ ಕಡಿಮೆ ಅಂತರದ ಗೆಲುವಿಗೆ. ಬೆಲ್ಮಾಂಟ್‌ನ ಮೆಟ್ರೊಪಾಲಿಟನ್ ಹ್ಯಾಂಡಿಕ್ಯಾಪ್‌ನಲ್ಲಿ ಗೇಟಿನಿಂದ ಹೊರಬೀಳುವಾಗಲೇ ಅದು ತಡವರಿಸಿತು, ಮುಂದೆ ಹೋಗಲು ದಾರಿ ಸಿಗದೆ ವೇಗ ತಗ್ಗಿಸಬೇಕಾಯಿತು, ಆಮೇಲೆ ಹೊರಗೆ ಬಂದು ಆರು ಲೆಂಗ್ತ್‌ಗಳಿಂದ ಗೆದ್ದಿತು. ಅಡ್ಡಿ ಎದುರಾದಾಗ ಸಿಡಿಮಿಡಿಗೊಳ್ಳದ ಸ್ವಭಾವ ವೇಗದಷ್ಟೇ ದುಬಾರಿಯಾದದ್ದು. ನವೆಂಬರ್ 5ರಂದು ಕೀನ್‌ಲ್ಯಾಂಡ್‌ನಲ್ಲಿ ನಡೆದ ಬ್ರೀಡರ್ಸ್ ಕಪ್ ಕ್ಲಾಸಿಕ್ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸಿತು: ಲೈಫ್ ಈಸ್ ಗುಡ್ ಎಂಬ ಕುದುರೆ ಮೊದಲ ಅರ್ಧ ಮೈಲಿಯನ್ನು 46 ಸೆಕೆಂಡಿನೊಳಗೆ ಓಡಿ ಮುಂದೆ ಹೋದಾಗ ಫ್ಲೈಟ್‌ಲೈನ್ ತಾಳ್ಮೆಯಿಂದ ಹಿಂದೆಯೇ ಇದ್ದು, ತಿರುವಿನಲ್ಲಿ ಅದನ್ನು ಹಿಡಿದು, 8¼ ಲೆಂಗ್ತ್ ಅಂತರದಲ್ಲಿ ಮುಗಿಸಿತು. ಓಟದ ಕುದುರೆಗಳ ಆ ವರ್ಷದ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ದೊರೆತ 140ರ ರೇಟಿಂಗ್, ಬ್ರಿಟನ್ನಿನ ಫ್ರಾಂಕೆಲ್‌ಗೆ ದೊರೆತಿದ್ದ ರೇಟಿಂಗ್‌ಗೆ ಸರಿಸಮ.

ನನ್ನ ತಕರಾರು ಇರುವುದು ಇಲ್ಲಿಯೇ. ಫ್ರಾಂಕೆಲ್ ಎರಡು, ಮೂರು, ನಾಲ್ಕು ವರ್ಷದವನಾಗಿ ಒಟ್ಟು 14 ಬಾರಿ ಓಡಿ ಹದಿನಾಲ್ಕನ್ನೂ ಗೆದ್ದ. ಫ್ಲೈಟ್‌ಲೈನ್ ಎರಡು ವರ್ಷದ ವಯಸ್ಸಿನಲ್ಲಿ ಓಡಲೇ ಇಲ್ಲ. ಚಿಕ್ಕಂದಿನಲ್ಲಿ ಬಾಗಿಲಿನ ಚಿಲಕ ತಗುಲಿ ಹಿಂಭಾಗದಲ್ಲಾದ ಗಾಯದ ಗುರುತು ಕೊನೆಯವರೆಗೂ ಕಾಣುತ್ತಿತ್ತು. ಆ ಗಾಯ ಆಕಸ್ಮಿಕ, ಅದನ್ನು ರಕ್ತದ ದೋಷವೆನ್ನಲಾಗದು. ಆದರೂ ತಿಂಗಳುಗಟ್ಟಲೆ ಬಿಡುವು ಕೊಟ್ಟು ಓಡಿಸಿದ ಕುದುರೆಯ ಕಾಲುಗಳು ತಿಂಗಳಿಗೊಂದು ಪಂದ್ಯದ ಹೊಡೆತವನ್ನು ತಾಳುತ್ತಿದ್ದವೇ ಎಂಬುದಕ್ಕೆ ಟ್ರ್ಯಾಕ್ ಸಾಕ್ಷಿ ಹೇಳಿಲ್ಲ. ಬ್ರೀಡರ್ಸ್ ಕಪ್ ಕ್ಲಾಸಿಕ್ ಗೆದ್ದ ಮರುದಿನವೇ ನಿವೃತ್ತಿ ಘೋಷಿಸಿದ್ದು ಮಾಲೀಕರಿಗೆ ಲಾಭ, ನೋಡುಗರಿಗೆ ನಷ್ಟ.

ನಮ್ಮ ಕಡೆಯ ದನಗಳ ಜಾತ್ರೆಯಲ್ಲಿ ಬೀಜದ ಹೋರಿ ನೋಡಲು ಬಂದವರು ಸುಳಿ, ಹಲ್ಲು ನೋಡಿ ಮುಗಿಸುವುದಿಲ್ಲ, ತಾಯಿ ಯಾವುದೆಂದು ಕೇಳುತ್ತಾರೆ. ಇಲ್ಲಿ ಆ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿದೆ. ತಾಯಿ ಫೆದರ್ಡ್, ಇಂಡಿಯನ್ ಚಾರ್ಲಿಯ ಮಗಳು, ಹುಲ್ಲಿನ ಟ್ರ್ಯಾಕ್‌ನಲ್ಲಿ ಎಡ್ಜ್‌ವುಡ್ ಸ್ಟೇಕ್ಸ್ ಗೆದ್ದವಳು. ಆದ್ದರಿಂದ ಮರಿಗಳು ಮಣ್ಣಿನ ಟ್ರ್ಯಾಕ್‌ಗೇ ಸೀಮಿತವಾಗಬೇಕಿಲ್ಲ. ತಂದೆ ಟ್ಯಾಪಿಟ್, 2014ರಿಂದ 2016ರವರೆಗೆ ಉತ್ತರ ಅಮೆರಿಕದ ಅಗ್ರ ಸೈರ್ (ತಂದೆ ಕುದುರೆ), ಹನ್ನೆರಡು ಫರ್ಲಾಂಗ್‌ನ ಬೆಲ್ಮಾಂಟ್ ಸ್ಟೇಕ್ಸ್‌ಗೆ ನಾಲ್ವರು ವಿಜೇತರನ್ನು ಕೊಟ್ಟವನು. ಆತನ ಹಿಂದೆ ತಂದೆ ಪಲ್ಪಿಟ್, ಅಜ್ಜ ಎ.ಪಿ. ಇಂಡಿ, ಮುತ್ತಜ್ಜ ಸಿಯಾಟಲ್ ಸ್ಲೂ. ಎ.ಪಿ. ಇಂಡಿಯ ತಾಯಿ ಸೆಕ್ರೆಟೇರಿಯಟ್‌ನ ಮಗಳು, ಮತ್ತು ಇಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ: 1973ರಲ್ಲಿ ತ್ರಿವಳಿ ಕಿರೀಟ (ಅಮೆರಿಕದ ಮೂರು ದೊಡ್ಡ ಪಂದ್ಯಗಳನ್ನು ಒಂದೇ ವರ್ಷ ಗೆಲ್ಲುವುದು) ತೊಟ್ಟ ಆ ಮಹಾ ಕುದುರೆಗೆ ತನ್ನಂಥ ಮಗ ಹುಟ್ಟಲಿಲ್ಲ, ಆತನ ಹಿರಿಮೆ ಹೊರಬಂದದ್ದು ಹೆಣ್ಣುಮಕ್ಕಳ ಹೊಟ್ಟೆಯಲ್ಲಿ. ಸತತ 16 ಪಂದ್ಯ ಗೆದ್ದ ಸಿಗಾರ್‌ನದಂತೂ ಇನ್ನೂ ಕೆಟ್ಟ ಕಥೆ, ಸ್ಟಡ್‌ಗೆ ಹೋದ ಮೇಲೆ ಸಂತಾನಶಕ್ತಿಯೇ ಇಲ್ಲವೆಂದು ತಿಳಿಯಿತು.

ಹಣದ ಲೆಕ್ಕವನ್ನೂ ನೋಡಬೇಕು. 2022ರ ನವೆಂಬರ್‌ನಲ್ಲಿ ಕೀನ್‌ಲ್ಯಾಂಡ್ ಹರಾಜಿನಲ್ಲಿ ಈ ಕುದುರೆಯ ಶೇ. 2.5ರ ಪಾಲು 46 ಲಕ್ಷ ಡಾಲರಿಗೆ ಹೋಯಿತು, ಆ ದರದಲ್ಲಿ ಇಡೀ ಕುದುರೆಯ ಬೆಲೆ 18.4 ಕೋಟಿ ಡಾಲರ್. ಮೊದಲ ಶುಲ್ಕ ಒಂದಿಷ್ಟೂ ಇಳಿಯದಿದ್ದರೂ ಅಷ್ಟನ್ನು ಗಳಿಸಲು 920 ಮರಿಗಳು ಬೇಕು. ಥರೋಬ್ರೆಡ್‌ಗಳಲ್ಲಿ (ಈ ಓಟದ ಕುದುರೆಗಳ ತಳಿ) ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ, ಪ್ರತಿ ಹೆಣ್ಣೂ ಲಾಯಕ್ಕೇ ಬರಬೇಕು. ವರ್ಷಕ್ಕೆ 150 ಬಂದು ಎಲ್ಲವೂ ಈದರೂ ಆರು ವರ್ಷ ಮೀರುತ್ತದೆ. ಫ್ರಾಂಕೆಲ್‌ನ ಶುಲ್ಕ 1.25 ಲಕ್ಷ ಪೌಂಡ್‌ನಿಂದ 3.5 ಲಕ್ಷಕ್ಕೆ ಏರಿದ್ದು ಮರಿಗಳು ಗೆದ್ದ ಮೇಲೆ. ಇಲ್ಲಿ ಏರಿದ ಬೆಲೆ ಮೊದಲೇ ಅಂಟಿಕೊಂಡಿದೆ.

ಆದ್ದರಿಂದ ನನ್ನ ತೀರ್ಮಾನ ಎರಡು ಬಗೆ. ಮರಿಯನ್ನು ವರ್ಷ ತುಂಬಿದೊಡನೆ ಹರಾಜಿಗಿಡುವವರು ಹೆಸರಿನ ಬಲದ ಮೇಲೆ ಕೊಳ್ಳುತ್ತಿರುವುದರಿಂದ, ಮೊದಲ ಮರಿಗಳು ಓಡುವ ಮುನ್ನವೇ ವ್ಯವಹಾರ ಮುಗಿಸಿಕೊಳ್ಳುವುದು ಅವರಿಗೆ ಕ್ಷೇಮ. ಹೆಣ್ಣುಮರಿಯನ್ನು ಉಳಿಸಿಕೊಂಡು ಮುಂದಿನ ಪೀಳಿಗೆಯನ್ನು ಬೆಳೆಸುವವರಿಗೆ ಈ ರಕ್ತ ದುಬಾರಿಯಾದರೂ ನಷ್ಟದ್ದಲ್ಲ, ಕಾಲುಗಳ ಬಾಳಿಕೆ ರುಜುವಾಗಿಲ್ಲದ್ದರಿಂದ ಹಗುರ ಮೂಳೆಯ ಹೆಣ್ಣನ್ನು ಮಾತ್ರ ಕಳುಹಿಸಬಾರದು. 2024ರಲ್ಲಿ ಹುಟ್ಟಿದ ಮೊದಲ ತಂಡ 2026ರಲ್ಲಿ ಎರಡು ವರ್ಷದ್ದಾಗುತ್ತದೆ. ಆ ವರ್ಷದ ಫಲಿತಾಂಶ ನೋಡಿ ಯಾರಾದರೂ ಮೂಗು ಮುರಿದರೆ, ತಂದೆ ಆ ವಯಸ್ಸಿನಲ್ಲಿ ಗೇಟಿನ ಹತ್ತಿರವೂ ಹೋಗಿರಲಿಲ್ಲವೆಂದು ನೆನಪಿಸಬೇಕಾಗುತ್ತದೆ.