ಅಳಿವೆಯ ನಕ್ಷೆಗೆ ಲೇಸರ್ ಬೇಕೋ, ಡ್ರೋನ್ ಫೋಟೋ ಸಾಕೋ?

ಉತ್ತರ ಕನ್ನಡದ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ನೆರೆ ನಕ್ಷೆ ಮಾಡಲು ಹೊರಟಿದ್ದೀರಾ? ಮೊದಲು ಗಜನಿಯ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆ ಬಯಲಿನ, ಒಡ್ಡಿನ ಮೇಲೆ ನಿಂತು ನೋಡಿ. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಕಗ್ಗ ಭತ್ತದ ಗದ್ದೆ. ಒಡ್ಡು ಒಂದು ಗೇಣು ಕುಸಿದಿದ್ದರೂ ಸಾಕು, ದೊಡ್ಡ ಉಬ್ಬರದಲ್ಲಿ ನೀರು ಅಲ್ಲಿಂದಲೇ ನುಗ್ಗುತ್ತದೆ. ನಿಮ್ಮ ನಕ್ಷೆಗೆ ಆ ಗೇಣು ಕಾಣಬೇಕು.

ಉಚಿತವಾಗಿ ಸಿಗುವ ಎತ್ತರದ ಮಾಹಿತಿ ಇದಕ್ಕೆ ಸಾಲದು. 2000ರಲ್ಲಿ ನಾಸಾದ ಷಟಲ್ ರಾಡಾರ್ ಅಳೆದದ್ದರಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ, ಇಡೀ ಚೌಕಕ್ಕೆ ಒಂದೇ ಎತ್ತರ. ಒಡ್ಡು ಅದರೊಳಗೆ ಮಾಯ!

ಡ್ರೋನ್ ಫೋಟೋ ಅಗ್ಗ. ನೆಲದಲ್ಲಿ ಗುರುತು ಇಟ್ಟು ಅಳೆದರೆ ಬಯಲು ಗದ್ದೆಯ ಎತ್ತರ ಚೆನ್ನಾಗಿ ಸಿಗುತ್ತದೆ. ತೊಂದರೆ ಇರುವುದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ. ಕ್ಯಾಮೆರಾಕ್ಕೆ ಕಾಣುವುದು ಎಲೆಯ ತಲೆ ಮಾತ್ರ, ಕೆಳಗಿನ ಕೆಸರಲ್ಲ. ಸುಮ್ನೆ ಹಾಗೇ ಬಿಟ್ಟರೆ ನಕ್ಷೆಯಲ್ಲಿ ಕಾಂಡ್ಲಾ ವನವೇ ಗುಡ್ಡವಾಗಿಬಿಡುತ್ತದೆ.

ವಿಮಾನದ ಲೇಸರ್, ಅಂದರೆ ಲೈಡಾರ್, ಗೆಲ್ಲುವುದು ಇಲ್ಲೇ. ಸೆಕೆಂಡಿಗೆ ಲಕ್ಷಗಟ್ಟಲೆ ಬೆಳಕಿನ ಮಿಡಿತ ಬಿಡುತ್ತದೆ. ಕೆಲವು ಎಲೆಗಳ ಸಂದಿಯಲ್ಲಿ ಇಳಿದು ನೆಲ ಮುಟ್ಟಿ ಬರುತ್ತವೆ. ಎತ್ತರದ ತಪ್ಪು ಸಾಮಾನ್ಯವಾಗಿ 10-15 ಸೆಂಟಿಮೀಟರ್. ಕಾಂಡ್ಲಾ ತೀರಾ ದಟ್ಟವಿದ್ದರೆ ಮಾತ್ರ ತಪ್ಪು ಜಾಸ್ತಿ.

ಒಂದು ಎಚ್ಚರಿಕೆ. ಮಾಮೂಲಿ ಲೈಡಾರ್ ನೀರಿನೊಳಗೆ ಇಳಿಯುವುದಿಲ್ಲ, ಹಾಗಾಗಿ ಇಳಿತದ ಹೊತ್ತಿಗೇ ಹಾರಿಸಿ. ಹಸಿರು ಲೇಸರ್ ಇಳಿಯುತ್ತದೆ ನಿಜ, ಮಳೆಗಾಲದ ಕೆಂಪು ನೀರಿನಲ್ಲಿ ಅದೂ ಸೋಲುತ್ತದೆ. ಹೊಳೆಯ ತಳಕ್ಕೆ ದೋಣಿಯಿಂದ ಸೋನಾರ್ ಅಳತೆಯೇ, ಅಂದರೆ ಶಬ್ದ ಬಿಟ್ಟು ಆಳ ಅಳೆಯುವುದೇ, ಆಗಬೇಕು.

ಒಂದೇ ಊರಿನ ಬಯಲು ಗಜನಿಯಾದರೆ ಡ್ರೋನ್ ಸಾಕು. ಕಾಂಡ್ಲಾ ಸಮೇತ ಇಡೀ ಅಳಿವೆ ಬೇಕಾದರೆ ದುಡ್ಡು ಕೂಡಿಸಿ ಲೈಡಾರ್ ಮಾಡಿಸಿ.