ಮೇಪಲ್ ಸಿರಪ್, ಬೆಲ್ಲ, ಜೇನು: ಯಾವ ಅಡುಗೆಗೆ ಯಾವುದು?

ಕೆನಡಾದ ಒಟ್ಟಾವಾ ಸುತ್ತಮುತ್ತ ಯುಗಾದಿ ಹೊತ್ತಿಗೆ ಮರಗಳಲ್ಲಿ ಒಂದು ಚಿಗುರೂ ಇರುವುದಿಲ್ಲ. ನೆಲದ ಮೇಲೆ ಅಲ್ಲಲ್ಲಿ ಹಿಮ ಉಳಿದಿರುತ್ತದೆ. ಆದರೆ ಮೇಪಲ್ ಮರದ ರಸ ಕಾಯಿಸಿ ಮಾಡುವ ಸಿಹಿ ಪಾಕ, ಅಂದರೆ ಆ ವರ್ಷದ ಹೊಸ ಮೇಪಲ್ ಸಿರಪ್, ಆಗಲೇ ಮಾರಾಟಕ್ಕೆ ಬಂದಿರುತ್ತದೆ. ಇಲ್ಲಿ ಅಡುಗೆ ಮಾಡುವ ಕನ್ನಡದವರಿಗೆ ಆಗ ಬರುವ ಪ್ರಶ್ನೆ ಒಂದೇ: ಇದನ್ನು ಬೆಲ್ಲದ ಬದಲು ಹಾಕಬಹುದಾ?

ಹಾಕಬಹುದು ಎಂದಷ್ಟೇ ಹೇಳಿದರೆ ಸಾಲದು. ಹಾಲಿನ ಸಿಹಿಗೆ ಬೆಲ್ಲಕ್ಕಿಂತ ಮೇಪಲ್ ಚೆನ್ನಾಗಿ ಒಗ್ಗುತ್ತದೆ. ಹೂರಣಕ್ಕೆ ಬೇಡವೇ ಬೇಡ. ಗೊಜ್ಜಿಗೆ ಆಗುತ್ತದೆ, ಆದರೆ ಎಲ್ಲ ಬಣ್ಣದ ಸಿರಪ್ಪೂ ಆಗುವುದಿಲ್ಲ. ಒಂದೇ ಅಡುಗೆಯನ್ನು ಎರಡು ಪಾತ್ರೆಯಲ್ಲಿ ಮಾಡಿ, ಒಂದಕ್ಕೆ ಬೆಲ್ಲ, ಇನ್ನೊಂದಕ್ಕೆ ಮೇಪಲ್ ಹಾಕಿ, ಪಕ್ಕಪಕ್ಕ ಇಟ್ಟು ರುಚಿ ನೋಡಿ ಹೇಳುತ್ತಿರುವ ಮಾತಿದು. ಕೆಲವು ಕಡೆ ಜೇನನ್ನೂ ಜೊತೆಗಿಟ್ಟಿದ್ದೇನೆ.

ಮೊದಲು ಬಣ್ಣದ ವಿಷಯ ತಿಳಿಯಬೇಕು. ಅಂಗಡಿಯಲ್ಲಿ ತೆಳು ಬಣ್ಣದಿಂದ ಗಾಢ ಬಣ್ಣದವರೆಗೆ ನಾಲ್ಕು ಬಗೆ ಸಿಗುತ್ತವೆ: ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್. ನಾಲ್ಕೂ ಅದೇ ಮರದ್ದು. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ರಾತ್ರಿ ನೀರು ಗಟ್ಟಿಯಾಗುವಷ್ಟು ಚಳಿ, ಹಗಲು ಸ್ವಲ್ಪ ಬಿಸಿಲು ಇರುವ ದಿನಗಳಲ್ಲಿ ಶುಗರ್ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಆ ರಸ ನೋಡಲು ನೀರೇ. ಸಕ್ಕರೆ ಅದರಲ್ಲಿ ಶೇ. 2ರ ಆಸುಪಾಸು. ಹಾಗಾಗಿ 1 ಲೀಟರ್ ಸಿರಪ್ ಆಗಬೇಕಾದರೆ ಸುಮಾರು 40 ಲೀಟರ್ ರಸ ಕುದಿಯಬೇಕು. ನೀರು ಕುದಿಯುವ ಬಿಸಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಸಿರಪ್ ಆಯಿತು ಎಂದು ಲೆಕ್ಕ. ಆಗ ಅದರಲ್ಲಿ ಮೂರನೇ ಎರಡು ಭಾಗ ಸಕ್ಕರೆ, ಉಳಿದದ್ದು ಬಹುಪಾಲು ನೀರು. ಶಿರಸಿ ಕಡೆಯ ಆಲೆಮನೆ ನೋಡಿದವರಿಗೆ ಈ ಕೆಲಸ ಹೊಸದು ಅನ್ನಿಸುವುದಿಲ್ಲ. ಕೊಪ್ಪರಿಗೆಯ ಜಾಗದಲ್ಲಿ ಅಗಲವಾದ ಸ್ಟೀಲ್ ಪಾತ್ರೆ, ಕಬ್ಬಿನ ಹಾಲಿನ ಜಾಗದಲ್ಲಿ ಮರದ ರಸ. ಅದೇ ಹಬೆ, ಅದೇ ಬೆಂಕಿ, ಅದೇ ಘಮ.

ಸೀಸನ್ನಿನ ಮೊದಲಲ್ಲಿ ಇಳಿದ ರಸದಲ್ಲಿರುವ ಸಕ್ಕರೆ ಹೆಚ್ಚುಕಡಿಮೆ ಎಲ್ಲ ಸುಕ್ರೋಸ್, ಅಂದರೆ ನಾವು ದಿನಾ ಬಳಸುವ ಸಕ್ಕರೆಯ ಬಗೆಯೇ. ಅದರಿಂದ ಗೋಲ್ಡನ್ ಬರುತ್ತದೆ. ದಿನ ಬೆಚ್ಚಗಾದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಜಾಸ್ತಿಯಾಗುತ್ತವೆ. ಅವು ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯುತ್ತವೆ. ಇವೆರಡೂ ಕುದಿಯುವಾಗ ಬೇಗ ಕಂದು ಬಣ್ಣಕ್ಕೆ ತಿರುಗುತ್ತವೆ. ಡಾರ್ಕ್, ವೆರಿ ಡಾರ್ಕ್ ಬರುವುದು ಹೀಗೆ. ಮೊಗ್ಗು ಒಡೆದರೆ ರಸದ ರುಚಿ ಕೆಡುತ್ತದೆ, ಅಲ್ಲಿಗೆ ಆ ವರ್ಷದ ಕೆಲಸ ಮುಗಿಯಿತು.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ತೆಳು ಬಣ್ಣದ್ದೇ ಒಳ್ಳೆಯದು ಎಂದು ತುಂಬಾ ಜನ ನಂಬಿದ್ದಾರೆ. ಅಮೆರಿಕದಲ್ಲಿ ಗಾಢ ಸಿರಪ್‌ಗೆ ಹಿಂದೆ ಗ್ರೇಡ್ ಬಿ ಎಂಬ ಹೆಸರೇ ಇತ್ತು. 2015ರಿಂದ ಅಲ್ಲಿ ನಾಲ್ಕಕ್ಕೂ ಗ್ರೇಡ್ ಎ. ಸಿಹಿಯ ಮಟ್ಟ ನಾಲ್ಕರಲ್ಲೂ ಒಂದೇ, ಬದಲಾಗುವುದು ಘಮ ಮತ್ತು ರುಚಿ. ಅಡುಗೆಗೆ ಒಂದೇ ಬಾಟಲಿ ಕೊಳ್ಳುವುದಾದರೆ ನನ್ನ ಆಯ್ಕೆ ಡಾರ್ಕ್. ಒಗ್ಗರಣೆ, ಹುಳಿ, ಖಾರದ ಮಧ್ಯೆ ಗೋಲ್ಡನ್ ಕಾಣೆಯಾಗುತ್ತದೆ, ಕೊಟ್ಟ ದುಡ್ಡು ವ್ಯರ್ಥ.

ಈಗ ಪಾಯಸ. ಬೆಲ್ಲ ಹಾಕಿ ಹಾಲಿನ ಪಾಯಸ ಮಾಡುವವರಿಗೆಲ್ಲ ಗೊತ್ತಿರುವ ಭಯ ಒಂದಿದೆ, ಹಾಲು ಒಡೆಯುವುದು. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಲವಣಗಳೂ ಇರುತ್ತವೆ. ಬಿಸಿ ಹಾಲಿಗೆ ಬಿದ್ದ ಕೂಡಲೇ ಒಡೆದುಹೋಗುವ ಸಾಧ್ಯತೆ ಇದ್ದೇ ಇದೆ. ಅದಕ್ಕೇ ಒಲೆ ಆರಿಸಿ, ತಣಿಸಿ, ಬೆಲ್ಲವನ್ನು ಬೇರೆ ಕರಗಿಸಿ ಸೇರಿಸುತ್ತೇವೆ. ಮೇಪಲ್ ಸಿರಪ್‌ನಲ್ಲಿ ಹುಳಿ ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಿ ಪಾಯಸಕ್ಕೆ ಬಿಸಿ ಇರುವಾಗಲೇ ಸುರಿದರೂ ನನ್ನ ಅಡುಗೆಮನೆಯಲ್ಲಿ ಹಾಲು ಒಡೆದಿಲ್ಲ. ಆದರೂ ಒಲೆ ಆರಿಸಿದ ಮೇಲೆ ಹಾಕುವುದೇ ಒಳ್ಳೆಯದು, ಯಾಕೆಂದರೆ ಘಮ ಉಳಿಯುತ್ತದೆ.

ರುಚಿಯಲ್ಲಿ ಇಬ್ಬರ ದಾರಿ ಬೇರೆ. ಬೆಲ್ಲದ ಪಾಯಸದಲ್ಲಿ ಮಣ್ಣಿನ ಸೊಗಡು ಇದೆ, ಏಲಕ್ಕಿ ಜಾಸ್ತಿ ಬಿದ್ದರೂ ತಾಳುತ್ತದೆ. ಮೇಪಲ್ ಪಾಯಸ ಬೆಣ್ಣೆ ಕಾಯಿಸಿದಂತಹ ಪರಿಮಳದ್ದು, ಅದಕ್ಕೆ ಒಂದೇ ಒಂದು ಏಲಕ್ಕಿ ಸಾಕು. 1 ಲೀಟರ್ ಹಾಲಿನ ಪಾಯಸಕ್ಕೆ ಅರ್ಧ ಕಪ್ ಆಂಬರ್ ಸರಿಹೋಗುತ್ತದೆ. ಸಿರಪ್‌ನಲ್ಲಿ ನೀರಿರುವುದರಿಂದ ಹಾಲನ್ನು ಇನ್ನಷ್ಟು ಹೊತ್ತು ಕಾಯಿಸಿ ಗಟ್ಟಿ ಮಾಡಿಕೊಳ್ಳಬೇಕು. ಕೇಸರಿ ಹಾಕುವ ಶಾವಿಗೆ ಪಾಯಸಕ್ಕೆ ಮಾತ್ರ ಗೋಲ್ಡನ್ ಬೇಕು. ಡಾರ್ಕ್ ಹಾಕಿದರೆ ಕೇಸರಿಯ ಬಣ್ಣವೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಹಾಲಿನ ಪಾಯಸ ಎರಡರಲ್ಲೂ ನಾನು ಮೇಪಲ್ ಪರ.

ಹೆಸರುಬೇಳೆ ಪಾಯಸ ಬೇರೆ ಮಾತು. ಅಲ್ಲಿ ಕಾಯಿಹಾಲು, ತುಪ್ಪದಲ್ಲಿ ಹುರಿದ ಬೇಳೆ, ಬೆಲ್ಲ ಈ ಮೂರೂ ಸೇರಿದರೇ ಆ ರುಚಿ. ಮೇಪಲ್ ಹಾಕಿದ ಪಾತ್ರೆಯದು ತಿನ್ನಲು ಚೆನ್ನಾಗಿಯೇ ಇತ್ತು, ಆದರೆ ಹೆಸರುಬೇಳೆ ಪಾಯಸ ಅನ್ನಿಸಲಿಲ್ಲ. ಬೆಲ್ಲವೇ ಇರಲಿ.

ಹೋಳಿಗೆ ಹೂರಣದಲ್ಲಿ ಸೋಲು ಇನ್ನೂ ಸ್ಪಷ್ಟ. ಹೂರಣ ಉಂಡೆ ಕಟ್ಟಲು ಬರಬೇಕು. ಬೆಲ್ಲ ಬೆಂದ ಬೇಳೆಯ ಜೊತೆ ಕರಗಿ, ತಣ್ಣಗಾದಾಗ ಬಿಗಿಯಾಗುತ್ತದೆ. ಸಿರಪ್ ಮೊದಲೇ ನೀರು. ಅದನ್ನು ಹಿಂಗಿಸಲು ತುಂಬಾ ಹೊತ್ತು ಕೈಯಾಡಿಸಬೇಕು, ತಳ ಹಿಡಿಯುತ್ತದೆ. ಅಷ್ಟರಲ್ಲಿ ಮೇಪಲ್‌ನ ಘಮ ಹಾರಿಹೋಗಿ ಸುಮ್ನೆ ಸಿಹಿ ಉಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಲಟ್ಟಿಸುವಾಗ ಕಣಕ ಹರಿಯುತ್ತದೆ. ಒಂದು ದಾರಿ ಇದೆ, ಪುಡಿಯಾಗಿ ಸಿಗುವ ಮೇಪಲ್ ಸಕ್ಕರೆ. ಸಿರಪ್ಪನ್ನು ಇನ್ನೂ ಕಾಯಿಸಿ, ತಿರುವಿ ತಿರುವಿ ನೀರು ಪೂರ್ತಿ ತೆಗೆದದ್ದು ಅದು. ಈ ನೆಲದ ಮೂಲ ಜನರಾದ ಅನಿಶಿನಾಬೆ ಮೊದಲಾದವರು ಯುರೋಪಿನವರು ಬರುವ ಮೊದಲೇ ಮರದ ರಸದಿಂದ ಸಕ್ಕರೆ ಮಾಡುತ್ತಿದ್ದರು. ಗಟ್ಟಿ ಸಕ್ಕರೆಯಾದರೆ ಕೆಡದೆ ಉಳಿಯುತ್ತದೆ, ಹೊತ್ತು ಒಯ್ಯುವುದೂ ಸುಲಭ, ಅಲ್ವಾ? ಆ ಸಕ್ಕರೆ ಹಾಕಿದ ಹೂರಣ ಚೆನ್ನಾಗಿ ನಿಂತಿತು, ರುಚಿಯೂ ಬಂತು. ಆದರೆ ಅದರ ಬೆಲೆಯಲ್ಲಿ ಬೆಲ್ಲದ ಅಚ್ಚು ಎಷ್ಟೋ ಬರುತ್ತವೆ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಬೆಲ್ಲ ಸಿಗುವಾಗ ಹೋಳಿಗೆಗೆ ಬೇರೆ ಏನೂ ಬೇಡ. ಬೇವು-ಬೆಲ್ಲಕ್ಕೂ ಬೆಲ್ಲವೇ.

ನೀರ್ ದೋಸೆಗೆ ಜೋನಿಬೆಲ್ಲ ಬೇಕೋ ಡಾರ್ಕ್ ಮೇಪಲ್ ಬೇಕೋ ಎಂದು ಕೇಳಿದರೆ ನನಗೆ ನಿಜವಾಗಿಯೂ ಕಷ್ಟ. ಜೋನಿಬೆಲ್ಲ ದಪ್ಪ, ದೋಸೆಯ ಮೇಲೆ ನಿಲ್ಲುತ್ತದೆ. ಅದರಲ್ಲಿ ಕಬ್ಬಿನ ವಾಸನೆಯ ಜೊತೆ ಒಂಚೂರು ಉಪ್ಪಿನ ರುಚಿ ಇದೆ. ಮೇಪಲ್ ತೆಳ್ಳಗೆ, ದೋಸೆಯ ತೂತಿನಲ್ಲೆಲ್ಲ ಇಳಿದುಹೋಗುತ್ತದೆ. ಬರೀ ದೋಸೆಗಾದರೆ ಜೋನಿಬೆಲ್ಲ ಮುಂದೆ. ಆದರೆ ಹಸಿ ಕಾಯಿತುರಿಗೆ ಎರಡು ಚಮಚ ಡಾರ್ಕ್ ಮೇಪಲ್, ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ ದೋಸೆಯೊಳಗೆ ಸುತ್ತಿ ನೋಡಿ. ತೆಂಗಿಗೂ ಮೇಪಲ್‌ಗೂ ಒಳ್ಳೆಯ ಹೊಂದಿಕೆ. ಕಾಯಿತುರಿ ಸಿರಪ್ಪನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಪ್ಲೇಟಿನಲ್ಲಿ ಹರಿಯುವುದಿಲ್ಲ. ಹೀಗೆ ತಿನ್ನುವಾಗ ನನಗೆ ಬೆಲ್ಲ ನೆನಪಾಗುವುದಿಲ್ಲ.

ಗೊಜ್ಜಿಗೆ ಬಂದರೆ ವೆರಿ ಡಾರ್ಕ್. ಹಾಗಲಕಾಯಿ ಗೊಜ್ಜಿನಲ್ಲಿ ಅದರ ಗಾಢ ಘಮದ ಸಿಹಿ ಹಾಗಲದ ಕಹಿಗೆ ಚೆನ್ನಾಗಿ ಸೇರುತ್ತದೆ. ಬೆಲ್ಲದಿಂದ ಬರುವ ಉಪ್ಪಿನ ಅಂಶ ಇದರಲ್ಲಿ ಇರುವುದಿಲ್ಲ, ಹಾಗಾಗಿ ಉಪ್ಪನ್ನು ಒಂಚೂರು ಜಾಸ್ತಿ ಹಾಕಬೇಕು. ಅನಾನಸ್ ಮೆಣಸ್ಕಾಯಿಗೂ ಆಗುತ್ತದೆ. ಸಾರು, ಹುಳಿಗೆ ಹಾಕುವ ಚೂರು ಬೆಲ್ಲದ ಬದಲು ಮೇಪಲ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದ ಮೇಲೆ ಹಾಕುವುದೇಕೆ?

ಇಲ್ಲಿನ ವಸಂತದ ತರಕಾರಿಯ ಬಗ್ಗೆ ಹೇಳಲೇಬೇಕು. ಮೇ ತಿಂಗಳಲ್ಲಿ ರೂಬಾರ್ಬ್ ಬರುತ್ತದೆ. ಕೆಂಪು ದಂಟು, ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ಅದರ ಎಲೆ ವಿಷ, ಪೂರ್ತಿ ತೆಗೆದು ಎಸೆಯಬೇಕು. ದಂಟನ್ನು ಹೆಚ್ಚಿ ಗೊಜ್ಜು ಮಾಡಿದರೆ ಹುಣಸೆಹಣ್ಣೇ ಬೇಡ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ 2 ಕಪ್ ದಂಟು, ಅರಿಶಿನ, ಉಪ್ಪು ಹಾಕಿದರೆ ಹತ್ತೇ ನಿಮಿಷದಲ್ಲಿ ಕರಗಿ ಮುದ್ದೆಯಾಗುತ್ತದೆ. ಹುರಿದ ಮೆಂತ್ಯ, ಒಣಮೆಣಸಿನಕಾಯಿ ಪುಡಿ ಸೇರಿಸಿ, ಕೊನೆಗೆ ಕಾಲು ಕಪ್ ಡಾರ್ಕ್ ಸಿರಪ್. ಬೆಲ್ಲ ಹಾಕಿದ ಪಾತ್ರೆಯಲ್ಲಿ ದಂಟಿನ ಕೆಂಪು ಮಂಕಾಯಿತು, ಅದರ ಹೂವಿನಂಥ ವಾಸನೆಯೂ ಅಡಗಿತು. ಮೇಪಲ್ ಪಾತ್ರೆಯಲ್ಲಿ ಎರಡೂ ಉಳಿದವು. ಗೊಜ್ಜುಗಳಲ್ಲಿ ಬೆಲ್ಲವನ್ನು ಮೇಪಲ್ ಪೂರ್ತಿ ಗೆದ್ದದ್ದು ಇದೊಂದರಲ್ಲಿ. ಅನ್ನಕ್ಕೂ ಆಗುತ್ತದೆ, ಚಪಾತಿಗೂ ಆಗುತ್ತದೆ.

ರಾಮನವಮಿಯ ಪಾನಕಕ್ಕೂ ಪ್ರಯತ್ನಿಸಿ. ಬೆಲ್ಲದ ಪಾನಕವನ್ನು ಕರಗಿಸಿ ಸೋಸಬೇಕು, ತಳದಲ್ಲಿ ಕಸ ನಿಲ್ಲುತ್ತದೆ. ಆಂಬರ್ ಸಿರಪ್ ತಣ್ಣೀರಿನಲ್ಲೂ ಕೂಡಲೇ ಬೆರೆಯುತ್ತದೆ. ಶುಂಠಿ, ಕಾಳುಮೆಣಸು, ನಿಂಬೆರಸ ಎಂದಿನಂತೆ. ದೇವರ ಮುಂದೆ ಇಡಲು ನಾನು ಬೆಲ್ಲದ್ದನ್ನೇ ಮಾಡುತ್ತೇನೆ. ಕುಡಿಯಲು ಮಕ್ಕಳು ಕೇಳುವುದು ಮೇಪಲ್‌ನದು.

ಜೇನಿನ ವಿಷಯ ಬೇಗ ಮುಗಿಸುತ್ತೇನೆ. ಜೇನನ್ನು ಬಿಸಿ ಮಾಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ನನ್ನ ಮನೆಯಲ್ಲೂ ಅದನ್ನೇ ಪಾಲಿಸುತ್ತೇವೆ. ಆದರೂ ಈ ಹೋಲಿಕೆಗಾಗಿ ಓವನ್ನಿನಲ್ಲಿ ಕ್ಯಾರೆಟ್ ಹುರಿಯುವಾಗ ಅರ್ಧಕ್ಕೆ ಜೇನು, ಅರ್ಧಕ್ಕೆ ಮೇಪಲ್ ಸವರಿದೆ. ಜೇನಿನಲ್ಲಿ ಫ್ರಕ್ಟೋಸ್ ಜಾಸ್ತಿ, ಬೇಗ ಕರಿಯಾಗುತ್ತದೆ. ಮೇಪಲ್ ನಿಧಾನ, ಆದರೂ ಕೊನೆಯ ಹತ್ತು ನಿಮಿಷದಲ್ಲಿ ಸವರುವುದು ಕ್ಷೇಮ. ಬೇಯಿಸುವ ಅಡುಗೆಗೆ ಮೇಪಲ್, ಕೋಸಂಬರಿಗೆ, ಮೊಸರಿಗೆ, ಹಣ್ಣಿನ ರಸಾಯನಕ್ಕೆ ಜೇನು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಲೇಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯ ಇದೆ.

ಕೇಕ್ ಮಾಡುವವರಿಗೆ ಒಂದು ಅಳತೆ: 1 ಕಪ್ ಸಕ್ಕರೆ ಇರುವ ಕಡೆ ಮುಕ್ಕಾಲು ಕಪ್ ಸಿರಪ್. ಹಾಲನ್ನೋ ನೀರನ್ನೋ ಮೂರು ದೊಡ್ಡ ಚಮಚ ಕಡಿಮೆ ಮಾಡಿ, ಓವನ್ ಬಿಸಿಯನ್ನೂ ಸ್ವಲ್ಪ ಇಳಿಸಿ. ಚಿಕ್ಕಿಗೆ ಬೆಲ್ಲದ ಪಾಕವೇ ಸರಿ. ಮೇಪಲ್‌ನಲ್ಲಿ ಮಾಡಲೇಬೇಕಿದ್ದರೆ ತೆಳು ಬಣ್ಣದ್ದು ತೆಗೆದುಕೊಳ್ಳಿ. ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ ಇರುವ ಗಾಢ ಸಿರಪ್ ಅಂಟಂಟಾಗಿಯೇ ಉಳಿಯುತ್ತದೆ.

ಮರದಿಂದ ಬಂದದ್ದು, ಹಾಗಾಗಿ ಶುಗರ್ ಇರುವವರೂ ತಿನ್ನಬಹುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ದಯವಿಟ್ಟು ನಂಬಬೇಡಿ. ಮ್ಯಾಂಗನೀಸ್ ಎಂಬ ಖನಿಜ, ರೈಬೋಫ್ಲೇವಿನ್ ಎಂಬ ವಿಟಮಿನ್ ಅದರಲ್ಲಿ ಇರುವುದು ನಿಜ. ಆದರೆ ಅದು ಮೂರನೇ ಎರಡು ಭಾಗ ಸಕ್ಕರೆಯೇ. ಡಯಾಬಿಟಿಸ್ ಇರುವವರು ಸಕ್ಕರೆಯ ಲೆಕ್ಕದಲ್ಲೇ ಇದನ್ನೂ ಸೇರಿಸಬೇಕು.

ಕೊಳ್ಳುವಾಗ ಹಿಂದಿನ ಚೀಟಿ ಓದಿ. ಮೇಪಲ್ ಸಿರಪ್ ಬಿಟ್ಟು ಬೇರೆ ಪದಾರ್ಥ ಬರೆದಿದ್ದರೆ ಕೆಳಗಿಡಿ. ಪ್ಯಾನ್‌ಕೇಕ್ ಸಿರಪ್, ಟೇಬಲ್ ಸಿರಪ್ ಎಂದು ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಬಣ್ಣ, ವಾಸನೆ ಸೇರಿಸಿದ ಮೆಕ್ಕೆಜೋಳದ ಸಿರಪ್. ಅದನ್ನೂ ಪಾಯಸಕ್ಕೆ ಹಾಕಿ ನೋಡಿದೆ, ಇನ್ನೊಂದು ಚಮಚ ತಿನ್ನಲು ಮನಸ್ಸಾಗಲಿಲ್ಲ. ಜಗತ್ತಿನ ಮೇಪಲ್ ಸಿರಪ್‌ನ ಸುಮಾರು ಶೇ. 70 ಬರುವುದು ನದಿಯಾಚೆಯ ಕ್ವಿಬೆಕ್ ಪ್ರಾಂತ್ಯದಿಂದ. ಅಲ್ಲಿಯ 540 ಮಿಲಿಲೀಟರಿನ ತಗಡಿನ ಡಬ್ಬಿ ಮನೆಗೆ ಹಿತವಾದ ಅಳತೆ. ಡಬ್ಬಿ ತೆರೆದ ಮೇಲೆ ಗಾಜಿನ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಬೂಸು ಬರುತ್ತದೆ. ಜಾಸ್ತಿ ಕೊಂಡಿದ್ದರೆ ಫ್ರೀಜರ್‌ಗೆ ಹಾಕಿ. ಕಲ್ಲಿನಂತೆ ಗಟ್ಟಿಯಾಗುವುದಿಲ್ಲ, ಮಂದವಾಗುತ್ತದೆ ಅಷ್ಟೇ. ಬೇಕಾದಾಗ ತೆಗೆದು ಹಾಗೇ ಸುರಿಯಬಹುದು.