‘ನೀರು ತೆಗಿ’ ಅಂದರು ಅಪ್ಪ: ಸಕುನಾ ಗೇಮ್ ಆಡಿದ ಮೇಲೆ

ನಮ್ಮದು ಕಾರಟಗಿ ಕಡೆಯ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ ನೆಲ್ಲು, ಇದರಲ್ಲೇ ಬೆಳೆದವನು ನಾನು. ಹಾಗಾಗಿ ‘ಸಕುನಾ: ಆಫ್ ರೈಸ್ ಆ್ಯಂಡ್ ರೂಯಿನ್’ ಅನ್ನೋ ಗೇಮ್‌ನಲ್ಲಿ ನೆಲ್ಲು ಬೆಳೆಯಬೇಕು ಅಂತ ಗೊತ್ತಾದಾಗ ಅನುಮಾನವೇ ಜಾಸ್ತಿ ಇತ್ತು. ಬೀಜ ಚೆಲ್ಲಿ, ನೀರು ಹಾಕಿ, ಬಟನ್ ಒತ್ತಿದರೆ ಮುಗಿಯಿತು, ಗೇಮ್‌ಗಳಲ್ಲಿ ಬೇಸಾಯ ಅಂದರೆ ಇಷ್ಟೇ ಅಲ್ವಾ? ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿಯಾಯಿತಿ ಬಂದಾಗ ಸುಮ್ನೆ ನೋಡೋಣ ಅಂತ ತೆಗೆದುಕೊಂಡೆ.

ಇದು 2020ರ ನವೆಂಬರ್‌ನಲ್ಲಿ ಬಂದದ್ದು. ಮಾಡಿದ್ದು ಜಪಾನಿನ ಎಡೆಲ್‌ವೈಸ್ ಅನ್ನೋ ಪುಟ್ಟ ತಂಡ, ಮುಖ್ಯವಾಗಿ ಇಬ್ಬರೇ. ಸಕುನಾ ಸುಗ್ಗಿಯ ದೇವತೆ. ತಪ್ಪು ಮಾಡಿ, ದೆವ್ವಗಳು ತುಂಬಿದ ದ್ವೀಪಕ್ಕೆ ಬಂದು ಬೀಳುತ್ತಾಳೆ. ಹಗಲು ಕಾದಾಡಬೇಕು, ಜೊತೆಗೆ ಗದ್ದೆಯನ್ನೂ ನೋಡಿಕೊಳ್ಳಬೇಕು. ಬೆಳೆ ಚೆನ್ನಾಗಿ ಬಂದಷ್ಟೂ ಅವಳ ಬಲ ಹೆಚ್ಚುತ್ತದೆ. ಕಾದಾಟ ಚುರುಕಾಗಿದೆ, ಆದರೆ ಮುಂದೆ ಹೋದಂತೆ ಅದದೇ ಅನ್ನಿಸುತ್ತದೆ. ರಾತ್ರಿ ಹೊತ್ತು ದೆವ್ವಗಳ ಬಲ ಜಾಸ್ತಿಯಾಗಿ ಕಷ್ಟವಾಗುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಗದ್ದೆಯ ವಿಷಯಕ್ಕೆ ಬರುತ್ತೇನೆ. ಮೊದಲು ಗುದ್ದಲಿ ಹಿಡಿದು ಮಣ್ಣು ಅಗೆಯಬೇಕು, ಕಲ್ಲು ಆಯಬೇಕು. ಆಮೇಲೆ ಬೀಜ ಆರಿಸುವುದು. ನೀರಿಗೆ ಮಣ್ಣನ್ನೋ ಉಪ್ಪನ್ನೋ ಕಲಸಿ ಬೀಜ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ತಳಕ್ಕೆ ಹೋಗುತ್ತದೆ. ಇದನ್ನು ನೋಡಿ ನಾನು ನೆಟ್ಟಗೆ ಕುಳಿತೆ. ಉಪ್ಪು ನೀರಿನಲ್ಲಿ ಬೀಜ ಆರಿಸಿ ಅಂತ ನಮ್ಮ ಕಡೆ ಕೃಷಿ ಇಲಾಖೆಯವರೂ ಹೇಳುತ್ತಾರೆ. ನಾಟಿಯೂ ಹಾಗೇ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒಂದೊಂದೇ ಸಸಿ ಹಚ್ಚಬೇಕು. ಒತ್ತೊತ್ತಾಗಿ ಹಚ್ಚಿದರೂ ಕಷ್ಟ, ದೂರ ದೂರ ಹಚ್ಚಿದರೂ ಕಷ್ಟ. ಮೊದಲ ವರ್ಷ ನನ್ನ ಸಾಲುಗಳು ಹಾವಿನ ಹಾಗೆ ಸೊಟ್ಟಗಾದವು. ಹಚ್ಚುತ್ತಾ ಹಚ್ಚುತ್ತಾ ಸಕುನಾಳ ಕೈ ಪಳಗುತ್ತದೆ, ಒಮ್ಮೆಗೇ ಹೆಚ್ಚು ಸಸಿ ಹಚ್ಚುವಷ್ಟು. ನಮ್ಮೂರಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳ ಕೈ ನೋಡಿದವರಿಗೆ ಇದು ಸರಿ ಅನ್ನಿಸುತ್ತದೆ.

ಒಂದು ಸಂಜೆ ಆಡುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ಅವರು ಗೇಮ್ ಮುಟ್ಟಿದವರೇ ಅಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದರು: “ತಮ್ಮಾ, ತೆಂಡೆ ಒಡದು ಮುಗದೈತಲ್ಲ, ಇನ್ನೂ ಯಾಕ ನೀರು ನಿಲ್ಲಿಸೀದಿ? ನೆಲ ಒಂಚೂರು ಸೀಳಲಿ. ನೀರು ತೆಗಿ.”

ತೆಂಡೆ ಅಂದರೆ ನೆಲ್ಲಿನ ಬುಡದಿಂದ ಒಡೆಯುವ ಹೊಸ ಕವಲು. ತೂಬು ತೆಗೆದು ಗದ್ದೆ ಒಣಗಿಸಿದೆ. ಮತ್ತೆ ನೀರು ಕಟ್ಟಿದೆ. ಆ ವರ್ಷದ ಬೆಳೆ ಹಿಂದಿನ ಎರಡೂ ವರ್ಷಕ್ಕಿಂತ ಚೆನ್ನಾಗಿ ಬಂತು. ನಡುವೆ ಹೀಗೆ ಒಣಗಿಸಿದರೆ ಬೇರಿಗೆ ಗಾಳಿ ಸಿಗುತ್ತದೆ, ತೆನೆ ಬಿಡದ ತಡವಾದ ತೆಂಡೆಗಳು ಒಡೆಯುವುದು ನಿಲ್ಲುತ್ತದೆ. ಇದನ್ನು ಗೇಮ್ ಒಳಗೇ ಇಟ್ಟಿದ್ದಾರೆ. ಜಪಾನಿನಲ್ಲಿ ಈ ಗೇಮ್ ಆಡುವವರು ಅಲ್ಲಿನ ಕೃಷಿ ಸಚಿವಾಲಯದ ವೆಬ್‌ಸೈಟ್ ಓದಿಕೊಂಡು ಗದ್ದೆ ಮಾಡಿದರಂತೆ, ಅದು ದೊಡ್ಡ ಸುದ್ದಿಯೇ ಆಗಿತ್ತು. ನನಗೆ ಅಪ್ಪ ಇದ್ದರು.

ಗೊಬ್ಬರದ ಲೆಕ್ಕವೂ ನನಗೆ ಬಹಳ ಹಿಡಿಸಿತು. ಎಲೆಗೆ, ಕಾಳಿಗೆ, ಬೇರಿಗೆ ಅಂತ ಮೂರು ಬಗೆಯ ಸತ್ವ. ನಾವು ಸಾರಜನಕ, ರಂಜಕ, ಪೊಟ್ಯಾಷ್ ಅನ್ನುವುದು ಇದನ್ನೇ. ಯೂರಿಯಾ ಚೀಲ ಇಲ್ಲದ ಕಾಲದ ಕಥೆ, ಹಾಗಾಗಿ ಮಲವನ್ನೂ ಬೂದಿ, ಕಳೆ ಇಂಥವನ್ನೂ ಕೂಡಿಸಿ ಗೊಬ್ಬರ ಮಾಡುತ್ತಾರೆ. ಕಳೆ ತಿನ್ನಲು ಗದ್ದೆಗೆ ಬಾತುಕೋಳಿ ಬಿಡಬಹುದು. ಕೊಯ್ದ ಮೇಲೆ ಕಟ್ಟು ಕಟ್ಟಿ ಕಂಬಕ್ಕೆ ಜೋತು ಹಾಕಿ ಒಣಗಿಸಬೇಕು, ಕಾಳು ಬಿಡಿಸಬೇಕು, ಒರಳಲ್ಲಿ ಕುಟ್ಟಬೇಕು. ಎಷ್ಟು ಕುಟ್ಟಬೇಕು ಅನ್ನುವುದು ನಮಗೇ ಬಿಟ್ಟದ್ದು. ಕಡಿಮೆ ಕುಟ್ಟಿದರೆ ತೌಡು ಉಳಿದ ಕಂದು ಅಕ್ಕಿ, ಪೂರ್ತಿ ಕುಟ್ಟಿದರೆ ಬಿಳಿ ಅಕ್ಕಿ. ಕುಟ್ಟುವ ಸದ್ದು ಕೇಳಿ ಅವ್ವ ಅಡುಗೆಮನೆಯಿಂದ ಬಂದು ನೋಡಿ ಹೋದಳು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ಒನಕೆ ಹಿಡಿದವಳು.

ಒಂದು ಕೊರತೆ ನನಗೆ ನಿಜವಾಗಿ ಕಾಡಿತು. ಸಕುನಾಗೆ ನೀರಿನ ಚಿಂತೆ ಇಲ್ಲ. ತೂಬು ತೆಗೆದರೆ ನೀರು ಬರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಎರಡನೇ ಬೆಳೆಯ ಮಾತು ಬಿಡಿ, ನಿಂತ ಬೆಳೆಗೆ ನೀರು ಸಿಗುತ್ತದಾ ಅನ್ನುವುದೇ ಪ್ರಶ್ನೆಯಾಗಿತ್ತು. ಕಾಲುವೆಯ ಕೊನೆ ಭಾಗದವರಿಗೆ ಈ ಭಯ ಪ್ರತಿ ವರ್ಷದ್ದು. ನೆಲ್ಲಿನ ಚೀಲದ ರೇಟಿನ ಚಿಂತೆಯೂ ಗೇಮ್‌ನಲ್ಲಿಲ್ಲ. ಇಷ್ಟೆಲ್ಲ ಓದಿ, ತಿಳಿದು ಮಾಡಿದವರು ನೀರಿನ ಈ ಕಾಯುವಿಕೆಯನ್ನೂ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮಾತು ಜಪಾನೀ ಇಲ್ಲವೇ ಇಂಗ್ಲಿಷ್, ಅಕ್ಷರ ಇಂಗ್ಲಿಷ್‌ನಲ್ಲೂ ಇದೆ, ಕನ್ನಡ ಇಲ್ಲ. ನನ್ನ ಐದು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಡಿಮೆ ಮಾಡಿಕೊಂಡರೆ ತಡೆಯಿಲ್ಲದೆ ನಡೆಯುತ್ತದೆ. ಬರೀ ಕಾದಾಟ ಬೇಕು ಅನ್ನುವವರಿಗೆ ಇದು ಬೇಡ. ಗದ್ದೆ ಕೆಸರು ತುಳಿದವರು, ಊರು ಬಿಟ್ಟು ಬೆಂಗಳೂರಲ್ಲಿ ಕುಳಿತು ಅದನ್ನು ನೆನೆಯುವವರು ಖಂಡಿತ ಆಡಿ.

ನನ್ನ ಆಟ ಆರನೇ ವರ್ಷದ ವಸಂತಕ್ಕೆ ಬಂದು ನಿಂತಿದೆ. ಕಳೆದ ವಾರ ಕಾಲುವೆಗೆ ನೀರು ಬಿಟ್ಟರು, ಮನೆಯಲ್ಲಿ ಸಸಿ ಮಡಿಯ ಕೆಲಸ ಶುರುವಾಗಿದೆ. ಈ ಸಲ ಬೀಜವನ್ನು ಉಪ್ಪು ನೀರಿಗೆ ಹಾಕಿ ಆರಿಸಿದವನು ನಾನೇ. ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.